ತಟ್ಟೆಗೆ ಅಡ್ಡ ಹಿಡಿದ ಕೈ

ಲಂಡನ್ನಿನ ಮನೆಗಳಲ್ಲಿ ಬಚ್ಚಲೂ ಕಕ್ಕಸೂ ಮಹಡಿಯ ಮೇಲಿರುತ್ತವೆ. ಮೊಣಕಾಲು ಗಟ್ಟಿ ಇರುವ ತನಕ ಅದು ಯಾರಿಗೂ ದೊಡ್ಡ ವಿಷಯವಲ್ಲ. ನನ್ನ ಮೊಣಕಾಲು ಕೈಕೊಟ್ಟ ಮೇಲೆ, ಬೆಳಿಗ್ಗೆ ಕೆಳಗಿಳಿದರೆ ಮತ್ತೆ ಹತ್ತುವುದನ್ನು ಆದಷ್ಟು ಮುಂದೂಡುತ್ತಿದ್ದೆ. ಬಾಯಾರಿದರೂ ನೀರು ಕುಡಿಯುತ್ತಿರಲಿಲ್ಲ. ಆಪರೇಷನ್ ಮಾಡುತ್ತೇವೆ, ಮೊದಲು ತೂಕ ಇಳಿಸಿಕೊಂಡು ಬನ್ನಿ ಎಂದು ಆಸ್ಪತ್ರೆಯವರು ಹೇಳಿ ಕಳಿಸಿದರು. ನಡೆದರೆ ತಾನೆ ತೂಕ ಇಳಿಯುವುದು, ತೂಕ ಇಳಿದರೆ ತಾನೆ ನಡೆಯಲಾಗುವುದು. ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು.

ಅದು ತೊಂಬತ್ತರ ದಶಕದ ಕೊನೆ. ಲಂಡನ್ನಿನ ಅಂಚಿನ ಸ್ಟ್ಯಾನ್ಮೋರ್‌ನ ಆ ದೊಡ್ಡ ಮನೆಯಲ್ಲಿ ವಾರವಿಡೀ ನಾನೊಬ್ಬಳೇ. ಗಂಡ ಸ್ಕಾಟ್ಲೆಂಡಿನ ತೈಲ ಕಂಪನಿಯಿಂದ ಶುಕ್ರವಾರ ಬಂದು ಭಾನುವಾರ ಹೊರಡುತ್ತಿದ್ದರು. ಮಗಳು ಓದಲಿಕ್ಕೆ ಬೇರೆ ಊರಿಗೆ ಹೋಗಿದ್ದಳು. ಅವಳೊಂದಿಗೆ ಫೋನಿನಲ್ಲಿ ಗೋಳಾಡಿಕೊಂಡಾಗ, ಎಲ್ಲ ಮನಸ್ಸಿನಲ್ಲೇ ಇದೆಯಮ್ಮ ಎಂದು ಇಂಗ್ಲಿಷಿನಲ್ಲಿ ಬುದ್ಧಿ ಹೇಳಿ, ಮನೋಬಲದಿಂದ ತೂಕ ಇಳಿಸುವ ಒಂದು ಕ್ಯಾಸೆಟ್ ಕಳಿಸಿದಳು.

ಕ್ಯಾಸೆಟ್ಟಿನ ಮನುಷ್ಯ ಹಸುಗೂಸನ್ನು ಮಲಗಿಸುವವರ ಹಾಗೆ ಮಾತಾಡುತ್ತಿದ್ದ. ಕಣ್ಣು ಮುಚ್ಚಿ, ಕಡಲ ತೀರದಲ್ಲಿ ಕೂತಿದ್ದೀರಿ ಎಂದುಕೊಳ್ಳಿ ಎಂದ. ಧಾರವಾಡದವಳಿಗೆ ಎಲ್ಲಿಯ ಕಡಲು? ನಾನು ಕೆಲಗೇರಿ ಕೆರೆಯ ದಂಡೆಯ ಮೇಲೆ ಕೂತೆ. ಆಮೇಲೆ ಅವನು, ಹಸಿವಿಲ್ಲದಿದ್ದರೂ ತಿನ್ನು ತಿನ್ನು ಎನ್ನುವ ದನಿಯೊಂದು ನಿಮ್ಮೊಳಗಿದೆ, ಅದು ಯಾರದೆಂದು ಆಲಿಸಿ ಎಂದ.

ಆಲಿಸುವ ಅಗತ್ಯವೇ ಇರಲಿಲ್ಲ. ಅದು ಅವ್ವನ ದನಿ.

"ನನ್ನಾಣಿ ಐತಿ, ಇನ್ನರ್ಧ ರೊಟ್ಟಿ ಹಾಕ್ಕೊ. ಏನ್ ತಿಂದೀ ನೀ?"

ಅವ್ವ ತೀರಿಕೊಂಡು ವರ್ಷ ದಾಟಿತ್ತು. ಆದರೂ ಮಧ್ಯಾಹ್ನ ನಾನೊಬ್ಬಳೇ ಮೇಜಿಗೆ ಕೂತು ರೊಟ್ಟಿಗೆ ಶೇಂಗಾ ಹಿಂಡಿ ಎಂಬ ಚಟ್ನಿಪುಡಿಯನ್ನು ಮೊಸರಲ್ಲಿ ಕಲಸಿ ಹಚ್ಚಿಕೊಂಡರೆ ಸಾಕು, ಹಾಜರಾಗುತ್ತಿದ್ದಳು. ಆ ಮನೆಯಲ್ಲಿ ವಾರವೆಲ್ಲ ಕೇಳುತ್ತಿದ್ದ ಕನ್ನಡ ಅದೊಂದೇ. ಅವಳು ಇನ್ನರ್ಧ, ಇನ್ನರ್ಧ ಎಂದ ಹಾಗೆಲ್ಲ ತಟ್ಟೆಗೆ ಎಷ್ಟು ಬೀಳುತ್ತಿತ್ತೋ ನಾನು ನೋಡುತ್ತಿರಲಿಲ್ಲ.

ಆ ದನಿಯನ್ನು ರೇಡಿಯೋದ ಗುಂಡಿ ತಿರುಗಿಸಿದಂತೆ ಸಣ್ಣದು ಮಾಡಿ ಎಂದ ಕ್ಯಾಸೆಟ್ಟಿನವನು. ನನಗೆ ಸಿಟ್ಟೇ ಬಂತು. ಅವನಿಗೇನು ಗೊತ್ತು, ಯಾರ ಬಾಯಿ ಮುಚ್ಚಿಸು ಎನ್ನುತ್ತಿದ್ದಾನೆಂದು? ಆದರೆ ಮೊಣಕಾಲು ನನ್ನದು, ಮೆಟ್ಟಿಲೂ ನನ್ನವೇ. ಅವನು ಕಲಿಸಿದ ಮಾತನ್ನು ಊಟದ ನಡುವೆ ಹೇಳಿಕೊಳ್ಳತೊಡಗಿದೆ: ನನಗೆ ಸಾಕು, ಹೊಟ್ಟೆ ತುಂಬಿದೆ.

ಅವ್ವ ಜಗ್ಗಲಿಲ್ಲ. ನಮ್ಮ ಕಡೆ ಊಟಕ್ಕೆ ಕೂತವರು ಮೊದಲ ಸಲ ಸಾಕು ಎಂದರೆ ಅದು ಬರೀ ಮರ್ಯಾದೆಯ ಮಾತು. ಎರಡನೆಯದೂ ಅಷ್ಟೆ. ಅದನ್ನು ನಂಬಿ ಬಡಿಸುವುದನ್ನು ನಿಲ್ಲಿಸಿದರೆ ಉಂಡವರು ಊರೆಲ್ಲ ಹೇಳಿಕೊಂಡು ತಿರುಗುತ್ತಾರೆ. ನಿಜವಾಗಿ ಬೇಡವಾದವರು ಎರಡೂ ಕೈ ಅಡ್ಡ ಹಿಡಿದು ತಟ್ಟೆಯ ಮೇಲೆ ಬಾಗಬೇಕು. ಆಗಲೂ ಅವ್ವ ಬೆರಳ ಸಂದಿಯಲ್ಲಿ ಅರ್ಧ ರೊಟ್ಟಿ ತೂರಿಸಿದವಳೇ.

ಒಂದು ಮಧ್ಯಾಹ್ನ ನಾನು ಹಾಗೇ ಮಾಡಿದೆ. ಕ್ಯಾಸೆಟ್ಟಿನ ಮಾತನ್ನು ಬದಿಗಿಟ್ಟೆ. ಎಂಜಲು ಕೈಯನ್ನೂ ಸೇರಿಸಿ ಎರಡೂ ಕೈ ಅಡ್ಡ ಹಿಡಿದು ತಟ್ಟೆಯ ಮೇಲೆ ಬಾಗಿದೆ. ಪಕ್ಕದ ಮನೆಯವಳು ಕಿಟಕಿಯಿಂದ ನೋಡಿದ್ದರೆ ಹೊಟ್ಟೆನೋವೆಂದುಕೊಳ್ಳುತ್ತಿದ್ದಳು. ಈಗ ತೂರಿಸುತ್ತಾಳೆ, ಈಗ ತೂರಿಸುತ್ತಾಳೆ ಎಂದು ಕಾದೆ. ಬೆರಳಿನ ಮೇಲಿನ ಹಿಂಡಿ ಒಣಗಿತು. ಅವ್ವ ಬರಲಿಲ್ಲ. ನನಗೆ ಅಳು ಬಂತು, ಅತ್ತುಬಿಟ್ಟೆ. ಆಮೇಲೆ ಎದ್ದು ಉಳಿದ ರೊಟ್ಟಿ ಮುಚ್ಚಿಟ್ಟೆ.

ದಿನವೂ ಹಾಗೆ ಮಾಡುತ್ತ ಬಂದೆ. ನಿಧಾನಕ್ಕೆ ತೂಕ ಇಳಿಯಿತು, ಆಸ್ಪತ್ರೆಯವರು ಮಾತು ಉಳಿಸಿಕೊಂಡರು. ಹೆಂಡತಿ ಮೊದಲಿನ ಹಾಗೆ ಮೆಟ್ಟಿಲು ಹತ್ತುವುದನ್ನು ಕಂಡು ಗಂಡನಿಗೆ ಖುಷಿ. ಮಗಳಂತೂ ಆ ಕ್ಯಾಸೆಟ್ಟನ್ನು ಗೆಳತಿಯರಿಗೆಲ್ಲ ಹೊಗಳಿದಳು. ನಾನು ಅಲ್ಲಗಳೆಯಲಿಲ್ಲ.

ಈಗ ಮನಸ್ಸಾದಾಗೆಲ್ಲ ಮಹಡಿ ಹತ್ತಿ ಇಳಿಯುತ್ತೇನೆ. ಇನ್ನರ್ಧ ಹಾಕ್ಕೊ ಎಂಬ ಮಾತನ್ನು ನೆನಪಿಸಿಕೊಂಡರೆ ಮಾತು ಬರುತ್ತದೆ, ಅವ್ವನ ದನಿ ಬರುವುದಿಲ್ಲ. ಒಂದೊಂದು ದಿನ ಊಟ ಮುಗಿದ ಮೇಲೂ ಕೈ ಅಡ್ಡ ಹಿಡಿಯದೆ, ಖಾಲಿ ತಟ್ಟೆಯನ್ನು ಮುಂದಿಟ್ಟುಕೊಂಡು ಸ್ವಲ್ಪ ಹೊತ್ತು ಕೂತಿರುತ್ತೇನೆ.