ಗಿರಿಜಾ ಆಂಟಿಯ ಮೊಣಕೈ ಮತ್ತು ನನ್ನ ಜೂಮ್

ತಪ್ಪು ನಂದೇ. ಮೊದಲೇ ಒಪ್ಪಿಕೊಂಡುಬಿಡ್ತೀನಿ, ಆಮೇಲೆ ನೀವು ಕಂಡುಹಿಡಿದು ಬೈಯೋದು ಬೇಡ. ಹದಿನೆಂಟು ವರ್ಷದ ಗೆಳೆತನವೊಂದನ್ನು ಟಿವಿ ರಿಮೋಟಿನ ಒಂದೇ ಬಟನ್ ಒತ್ತಿ ಕೆಡಿಸಿದವನು ನಾನು. ಅದೂ ಏನು ಮಾಡೋಕೆ ಹೋಗಿ? ಉಪಕಾರ.

ನಮ್ಮದು ಮಾರೇನಹಳ್ಳಿಯಲ್ಲಿ ಮೊದಲನೇ ಮಹಡಿಯ ಬಾಡಿಗೆ ಮನೆ. ಕೆಳಗೆ ಓನರ್ ಗಿರಿಜಾ ಆಂಟಿ. ಹಾವೇರಿ ಕಡೆಯವರು. ಬೆಂಗಳೂರಿಗೆ ಬಂದು ಎಷ್ಟೋ ವರ್ಷವಾದರೂ "ತಮ್ಮಾ, ಮೋಟರ್ ಬಂದ್ ಮಾಡೋ" ಅಂತ ಕೂಗಿದರೆ ಇಡೀ ಹಾವೇರಿಯೇ ನಮ್ಮ ಮೆಟ್ಟಿಲು ಹತ್ತಿ ಬಂದಂಗಿರುತ್ತೆ. (ಒಂದ್ಸಲ ಅವರ ದನಿಯಲ್ಲಿ ನಾನೇ ಕೂಗಿದ್ದೆ. ಅವರ ಯಜಮಾನರು ಊಟ ಬಿಟ್ಟು ಎದ್ದು ಹೋಗಿ ಮೋಟರ್ ಆಫ್ ಮಾಡಿ ಬಂದರು. ಮೋಟರ್ ಆನೇ ಆಗಿರಲಿಲ್ಲ.)

ಅವರ ಮನೆಗೆ ನಲವತ್ತಮೂರು ಇಂಚಿನ ಹೊಸ ಟಿವಿ ಬಂತು. ಆಂಟಿ ಹೆಚ್ಚಾಗಿ ನೋಡೋದು ನಮ್ಮ ಏರಿಯಾದ ಲೋಕಲ್ ಕೇಬಲ್ ಚಾನೆಲ್. ಬೆಳಗ್ಗೆ ಪೂಜೆ, ಮಧ್ಯಾಹ್ನ ವಾರ್ಡಿನ ಸುದ್ದಿ, ಸಂಜೆ ಸೀರೆ ಅಂಗಡಿಯ ಜಾಹೀರಾತು. ಆ ಚಾನೆಲ್ಲಿನ ಚಿತ್ರ ಹಳೇ ಕಾಲದ್ದು, ಚೌಕ. ಹೊಸ ಟಿವಿಯ ನಡುಮಧ್ಯೆ ಕೂತಿತ್ತು. ಎರಡೂ ಬದಿಗೆ ಕಪ್ಪು ಪಟ್ಟಿ.

"ಇಷ್ಟ ದೊಡ್ಡ ಟಿವಿ ತಗೊಂಡು ಎರಡೂ ಕಡೆ ಕತ್ತಲಿ ನೋಡಬೇಕೇನೋ ತಮ್ಮಾ?"

ನಾನು ಇಂಜಿನಿಯರ್ ಥರ ಹುಬ್ಬು ಗಂಟಿಕ್ಕಿ, ಪಿಕ್ಚರ್ ಸೆಟ್ಟಿಂಗ್‌ಗೆ ಹೋಗಿ, 'ಜೂಮ್' ಒತ್ತಿದೆ. ಕತ್ತಲೆ ಮಾಯ! ಮೇಲೆ ಅರ್ಚಕರ ತಲೆ ಸ್ವಲ್ಪ ಹೋಯಿತು, ಆದರೆ ಮಂಗಳಾರತಿ ಉಳಿಯಿತು. ಕೆಳಗೆ ಓಡೋ ಅಕ್ಷರಗಳೂ ಹೋದವು. "ಹೋಗ್ಲಿ ಬಿಡು, ಅವನ್ನ ನೋಡಿದ್ರ ತಲಿ ತಿರಗತಿತ್ತು" ಅಂತ ಆಂಟಿ ಒಂದು ಬಟ್ಟಲು ಮಂಡಕ್ಕಿ ಗಿರ್ಮಿಟ್ ಕೊಟ್ಟರು. ಸೀರಿಯಲ್ಲಿಗೇನೂ ತೊಂದರೆ ಆಗಲಿಲ್ಲ. ಅಲ್ಲಿ ಇರೋದೇ ನಡುಮಧ್ಯೆ ಒಂದು ಮುಖ. ಅದು ಅಳುತ್ತಿರುತ್ತೆ, ಅಷ್ಟೇ.

ನಿಜ ಹೇಳಿ, ಖಾಲಿ ಜಾಗ ಕಂಡರೆ ನಮಗೆಲ್ಲ ಯಾಕೆ ಇಷ್ಟು ಸಂಕಟ? ಥರ್ಟಿ ಫಾರ್ಟಿ ಸೈಟಲ್ಲಿ ಗಾಳಿಗೆ ಅಂತ ಮೂರಡಿ ಬಿಡಿ ಅಂದರೆ ಅಲ್ಲೊಂದು ಮೆಟ್ಟಿಲು, ಮೆಟ್ಟಿಲ ಕೆಳಗೊಂದು ಜೆರಾಕ್ಸ್ ಅಂಗಡಿ. ನಮ್ಮ ಅಡುಗೆಮನೆ ಕಿಟಕಿಯಿಂದ ಕೈ ಚಾಚಿದರೆ ಪಕ್ಕದ ಮನೆಯ ಒಗ್ಗರಣೆಗೆ ನಾನೇ ಕರಿಬೇವು ಹಾಕಬಹುದು. ಇನ್ನು ಟಿವಿಯಲ್ಲಿ ನಾಲ್ಕು ಬೆರಳು ಕಪ್ಪು ಬಿಡ್ತೀವಾ?

ಈಗ ಅಸಲಿ ಕಥೆ.

ಪ್ರತಿ ಗುರುವಾರ ಗಿರಿಜಾ ಆಂಟಿ ಬಸವೇಶ್ವರನಗರಕ್ಕೆ ವಚನ ಹಾಡೋಕೆ ಹೋಗ್ತಾರೆ. ಏಳು ಜನ ಹೆಂಗಸರ ಬಳಗ. ಅದರ ಯಜಮಾನಿ ಶಾಂತಕ್ಕ, ಅದೇ ಹಾವೇರಿ ಕಡೆಯವರು, ಆಂಟಿಗೆ ಹದಿನೆಂಟು ವರ್ಷದ ಗೆಳತಿ. ಆಂಟಿ ಹಾಡಿನ ಜೊತೆ ತಾಳ ಹಾಕೋದರಿಂದ ಸಾಲಿನ ಕೊನೆಯಲ್ಲಿ ಕೂರ್ತಾರೆ. ಈ ಬಳಗದ ಗಾಯನವನ್ನು ನಮ್ಮ ಲೋಕಲ್ ಚಾನೆಲ್ಲಿನವರು ರೆಕಾರ್ಡ್ ಮಾಡಿಕೊಂಡು ಹೋದರು. ಶನಿವಾರ ಸಂಜೆ ಆರಕ್ಕೆ ಪ್ರಸಾರ.

ಆವತ್ತು ಆಂಟಿ ಮನೆ ಹಾಲ್ ತುಂಬ ಜನ. ಕೆಂಗೇರಿಯಿಂದ ನಾದಿನಿ, ಎದುರು ಮನೆಯವರು, ನಮ್ಮಮ್ಮ, ನಾನು. ಹಾಡು ಶುರುವಾಯಿತು. ನಡುವೆ ಶಾಂತಕ್ಕ, ಆಚೀಚೆ ಇಬ್ಬಿಬ್ಬರು. ಒಟ್ಟು ಐದು ಜನ. ಬಲತುದಿಯಲ್ಲಿ ಹಸಿರು ಇಳಕಲ್ ಸೀರೆಯ ಒಂದು ಮೊಣಕೈ ಆಗಾಗ ಒಳಗೆ ಬಂದು ಹೋಗ್ತಿತ್ತು.

"ವೈನಿ, ಅದು ನಿಮ್ಮ ಕೈ ಅಲ್ಲೇನ್ರೀ?" ಅಂದರು ನಾದಿನಿ.

ಅರ್ಧ ಗಂಟೆಯಲ್ಲಿ ಆಂಟಿ ಕಂಡಿದ್ದು ಅಷ್ಟೇ. ಮೊಣಕೈ.

ಇಲ್ಲಿ ಸುಮ್ಮನಿರಬೇಕಿತ್ತು ನಾನು. ಇದ್ದೆನಾ? ಎದ್ದು ನಿಂತು ಶಾಂತಕ್ಕನ ದನಿಯಲ್ಲಿ ಎಳೆದೆ: "ಎಲ್ಲಾರೂ ಒಳಗ ಬರ್ರಿ. ಗಿರಿಜಾ, ನೀ ಕೈ ಅಷ್ಟ ಕಳಿಸು." ಹಾಲೆಲ್ಲ ನಕ್ಕಿತು. ಆಂಟಿ ನಗಲಿಲ್ಲ. ಎದ್ದು ಒಳಗೆ ಹೋದರು.

ಅವತ್ತೇ ಬಳಗದ ವಾಟ್ಸಾಪ್ ಗ್ರೂಪಿನಿಂದ ಹೊರಬಂದರು. ಶಾಂತಕ್ಕ ನಾಲ್ಕು ಸಲ ಫೋನ್ ಮಾಡಿದರೂ ಎತ್ತಲಿಲ್ಲ. "ಆಕೀನ ಹೇಳಿ ಕಟ್ ಮಾಡ್ಸ್ಯಾಳ. ಹೋದ ತಿಂಗಳು ನನ್ನ ತಾಳ ತಪ್ಪಿತ್ತು, ಅದರ ಸಿಟ್ಟು" ಅಂತ ಆಂಟಿ ನಮ್ಮಮ್ಮನ ಹತ್ತಿರ ಹೇಳಿದರಂತೆ. ಎರಡು ಗುರುವಾರ ಮನೆಯಲ್ಲೇ ಕೂತರು. ದಿನಾ ಬೆಳಗ್ಗೆ ಕೆಳಗಿಂದ ಒಗ್ಗರಣೆ ಘಮದ ಜೊತೆ ಹಾಡೂ ಬರ್ತಿತ್ತು. ಈಗ ಒಗ್ಗರಣೆ ಮಾತ್ರ. ಆಂಟಿಗೆ ಇದ್ದ ಒಂದೇ ಔಟಿಂಗ್ ಆ ಗುರುವಾರ. ಆ ಹಾಡು ನಿಂತ ಮೇಲೆ ನನಗೆ ಅವರ ಮಿಮಿಕ್ರಿ ಮಾಡೋಕೂ ಬಾಯಿ ಬರಲಿಲ್ಲ.

ಮೂರನೇ ವಾರ ಕಟಿಂಗ್ ಶಾಪಿನಲ್ಲಿ ಕೂತಿದ್ದೆ. ಎಡಗಡೆ ತಲೆ ಮುಗಿದಿತ್ತು. ಗೋಡೆಯ ಟಿವಿಯಲ್ಲಿ ಅದೇ ವಚನ ಗಾಯನದ ಮರುಪ್ರಸಾರ. ನೋಡ್ತೀನಿ, ಏಳೂ ಜನ ಇದ್ದಾರೆ! ಬಲತುದಿಯಲ್ಲಿ ಗಿರಿಜಾ ಆಂಟಿ, ಪೂರ್ತಿಯಾಗಿ, ತಾಳ ಸಮೇತ. ಕೆಳಗೆ ಅಕ್ಷರ ಓಡ್ತಿತ್ತು: 'ನಿಮ್ಮ ವಾಹಿನಿ ಈಗ ವೈಡ್‌ಸ್ಕ್ರೀನ್‌ನಲ್ಲಿ. ಟಿವಿಯ ಪಿಕ್ಚರ್ ಸೆಟ್ಟಿಂಗ್ ಸರಿಪಡಿಸಿಕೊಳ್ಳಿ.'

"ಅಣ್ಣ, ಇದು ಯಾವಾಗಿಂದ?"

"ತಿಂಗಳಿಂದ ಓಡ್ತಾ ಇದೆ ಗುರು. ಈಗ ಪಿಕ್ಚರ್ ಫುಲ್ ಬರುತ್ತೆ, ಕಪ್ಪು ಪಟ್ಟಿ ಇಲ್ಲ."

ಅರ್ಥ ಆಯ್ತಲ್ಲ? ಚಾನೆಲ್ಲು ಅಗಲ ಆಗಿದೆ. ನನ್ನ ಜೂಮ್ ಮಾತ್ರ ಹಂಗೇ ಕೂತಿದೆ. ಮೊದಲು ಕಪ್ಪು ಪಟ್ಟಿ ನುಂಗ್ತಿದ್ದದ್ದು, ಈಗ ಆಂಟಿಯನ್ನೇ ನುಂಗಿದೆ. ಎಚ್ಚರಿಕೆ ಕೊಟ್ಟ ಅಕ್ಷರವನ್ನೂ ನಾನೇ ಕತ್ತರಿಸಿ ಗಿರ್ಮಿಟ್ ತಿಂದಿದ್ದೆ.

ನಾನು ಎದ್ದು ಓಡಿದೆ. "ಗುರು, ಇನ್ನೊಂದ್ ಸೈಡ್!" ಅಂತ ಕಟಿಂಗ್ ಮಾಡ್ತಿದ್ದವನು ಕೂಗಿದ. ಯಾರಿಗೆ ಬೇಕು?

ಓಡಿ ಬಂದು ತಪ್ಪು ಒಪ್ಪಿಕೊಂಡೆ ಅಂದುಕೊಂಡ್ರಾ? ನೀವು ತುಂಬ ಒಳ್ಳೆಯವರು. ಆಂಟಿ ಅಡುಗೆಮನೆಯಲ್ಲಿದ್ದಾಗ ಮೆಲ್ಲಗೆ ರಿಮೋಟ್ ಎತ್ತಿ, ಜೂಮ್ ತೆಗೆದು, ಆಮೇಲೆ ಅವರನ್ನು ಕರೆದೆ. "ಆಂಟಿ, ಬನ್ನಿ ಇಲ್ಲಿ. ಚಾನೆಲ್ಲಿನವರು ಸರಿ ಮಾಡಿದ್ದಾರೆ, ನೀವು ಕಾಣ್ತಾ ಇದೀರ!"

ಆಂಟಿ ನೋಡಿದರು. ಒಂದು ಕ್ಷಣ ಮುಖ ಅರಳಿತು. ಮರುಕ್ಷಣ ಕೆಂಡ.

"ನೋಡಿದೇನು? ಸಿಕ್ಕಿಬಿದ್ದ ಕೂಡ್ಲೇ ಸರಿ ಮಾಡ್ಸ್ಯಾಳ! ಅಂದ್ರ ಕಟ್ ಮಾಡ್ಸಿದ್ದು ಖರೇನ ಆತಲ್ಲ!"

ಮುಗೀತು ಕಥೆ. ನನ್ನ ಜಾಣತನ ಶಾಂತಕ್ಕನಿಗೆ ಡಬಲ್ ಶಿಕ್ಷೆ ಕೊಡಿಸಿತ್ತು. ಇನ್ನು ದಾರಿಯಿರಲಿಲ್ಲ. ಜೂಮ್ ಒತ್ತಿ ತೋರಿಸಿದೆ: ಆಂಟಿ ಹೋದರು, ಮೊಣಕೈ ಉಳಿಯಿತು. ಜೂಮ್ ತೆಗೆದೆ: ಆಂಟಿ ಬಂದರು. ಮತ್ತೆ ಒತ್ತಿದೆ, ಹೋದರು. ಬಂದರು.

ಆಂಟಿ ಬೈಯಲಿಲ್ಲ. (ಬೈದಿದ್ದರೆ ವಾಸಿ ಇತ್ತು.) ಸೆರಗು ಸರಿ ಮಾಡಿಕೊಂಡು ಅಂದರು: "ಚಪ್ಪಲಿ ಹಾಕ್ಕೋ."

ಆಟೋ ಹಿಡಿದು ಬಸವೇಶ್ವರನಗರಕ್ಕೆ ಹೋದೆವು. ಶಾಂತಕ್ಕ ಬಾಗಿಲು ತೆಗೆದು ನೋಡಿದರೆ, ಎದುರಿಗೆ ಎರಡು ವಾರ ಮಾತು ಬಿಟ್ಟ ಗೆಳತಿ, ಪಕ್ಕದಲ್ಲಿ ಅರ್ಧ ತಲೆ ಕಟಿಂಗ್ ಆದ ಹುಡುಗ. ಆಂಟಿ ನನ್ನ ಬೆನ್ನಿಗೊಂದು ಕೊಟ್ಟು ಮುಂದೆ ತಳ್ಳಿದರು. "ಹೇಳೋ."

ಹೇಳಿದೆ. ಜೂಮು, ಪಟ್ಟಿ, ಮಿಮಿಕ್ರಿ, ಎಲ್ಲ.

"ನಂದೂ ತಪ್ಪಾತು ಶಾಂತಕ್ಕ" ಅಂದರು ಆಂಟಿ ಕೊನೆಗೆ, ನೆಲ ನೋಡಿಕೊಂಡು. "ನೀವ ನನ್ನ ಕಟ್ ಮಾಡ್ಸೀರಿ ಅಂತ ತಿಳಕೊಂಡೆ."

ಶಾಂತಕ್ಕ ಒಳಗೆ ಕರೆದು ಕೂರಿಸಿದರು. ಚಾನೆಲ್ಲಿನವರು ಕೊಟ್ಟಿದ್ದ ಪೆನ್ ಡ್ರೈವ್ ತಂದು ಟಿವಿಗೆ ಚುಚ್ಚಿದರು. ಮೂವರೂ ನೋಡಿದೆವು. ಆರು ಜನ ಕಣ್ಣು ಮುಚ್ಚಿ ತನ್ಮಯರಾಗಿ ಹಾಡ್ತಿದ್ದಾರೆ. ಕೊನೆಯಲ್ಲಿ ನಮ್ಮ ಗಿರಿಜಾ ಆಂಟಿ, ಹಾಡು ಬಿಟ್ಟು, ಚಾನೆಲ್ಲಿನವರು ಕ್ಯಾಮೆರಾ ಪಕ್ಕ ಇಟ್ಟುಕೊಂಡಿದ್ದ ಪುಟ್ಟ ಟಿವಿ ಕಡೆ ಕತ್ತು ಚಾಚಿ, ತಾವು ಕಾಣ್ತಿದೀವಾ ಇಲ್ಲವಾ ಅಂತ ಚೆಕ್ ಮಾಡ್ತಿದ್ದಾರೆ. ಒಂದು ಕೈ ತಾಳ ಹಾಕ್ತಿದೆ. ಇನ್ನೊಂದು ಕೈ ಕೂದಲು ಸರಿ ಮಾಡ್ತಿದೆ. ತಾಳಕ್ಕೆ ಎರಡು ಕೈ ಬೇಕು ಅನ್ನೋದು ನಿಮಗೂ ಗೊತ್ತು.

ಶಾಂತಕ್ಕ ಟಿವಿ ಆರಿಸಿದರು. ಆಂಟಿ ಕಡೆ ತಿರುಗಿದರು.

"ಕಟ್ ಮಾಡ್ಸಿರಲಿಲ್ಲ ಗಿರಿಜಾ. ಮಾಡ್ಸಬೇಕಿತ್ತು."