ಬೀಳುವ ಗಾಜಿಗೆ ಕೈಯೊಡ್ಡಬಾರದು

ಗಾಜಿನ ಗೋದಾಮಿನಲ್ಲಿ ಇಪ್ಪತ್ತೆರಡು ವರ್ಷ ಹೊರೆ ಹೊತ್ತವನ ಕೈಯಲ್ಲಿ ಒಂದೂ ಗೀರಿಲ್ಲವೆಂದರೆ ಆ ಕಸುಬಿನವರು ನಂಬುವುದಿಲ್ಲ. ಮೇಷ್ಟ್ರ ಕೈಗಳು ಹಾಗಿದ್ದವು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಹೊಸಬರಿಗೆ ಗಾಜು ಹೊರುವುದನ್ನು ಕಲಿಸುತ್ತಿದ್ದುದರಿಂದ ಆ ಹೆಸರು ಅಂಟಿಕೊಂಡಿತ್ತು. ಅವರ ಮೊದಲ ಪಾಠ ಯಾವಾಗಲೂ ಒಂದೇ. ಒಡಕು ಗಾಜಿನ ತುಂಡೊಂದನ್ನು ಎದೆಮಟ್ಟಕ್ಕೆ ಎತ್ತಿ ಹಿಡಿದು, ಹೇಳದೆ ಕೇಳದೆ ಬಿಟ್ಟುಬಿಡುತ್ತಿದ್ದರು. ಹೊಸಬನ ಕೈ ತಾನಾಗಿ ಮುಂದೆ ಬಂದರೆ ಮೊಣಕೈಗೆ ಅಡಿಕೋಲಿನ ಏಟು.

"ಬೀಳೋದು ಬೀಳ್ಲಿ. ಗಾಜು ಇನ್ನೊಂದು ಬರುತ್ತೆ, ಕೈ ಬರಲ್ಲ. ಎರಡು ಹೆಜ್ಜೆ ಹಿಂದೆ."

ಹತ್ತಾರು ಏಟು ತಿಂದ ಮೇಲೆ ಕೈ ಮುಂದೆ ಬರುವುದು ನಿಂತು, ಕಾಲು ಹಿಂದೆ ಸರಿಯುತ್ತಿತ್ತು. ಗೋದಾಮಿನ ಉಳಿದ ಐವರು ಹೊರೆಯಾಳುಗಳೂ ಆ ಏಟು ತಿಂದವರೇ. ಅವರಲ್ಲಿ ಮೊದಲ ಶಿಷ್ಯ, ಬಾಗಿಲಿಗೆ ತಲೆ ತಗ್ಗಿಸಿಯೇ ಬರಬೇಕಾದಷ್ಟು ಎತ್ತರದ ಉದ್ದಣ್ಣ.

ಹೊಸ ಮ್ಯಾನೇಜರ್ ಬಂದದ್ದು ಗಾಜು ಎತ್ತುವ ಯಂತ್ರದ ಸುದ್ದಿಯೊಂದಿಗೆ. ಯಂತ್ರ ಬಂದರೆ ಆರು ಜನ ಬೇಡ, ನಾಲ್ವರು ಸಾಕು. "ಯಾರು ತಂಡವಾಗಿ ಕೆಲಸ ಮಾಡ್ತಾರೋ ಅವರು ಉಳೀತಾರೆ," ಎಂದವರು, ಅದನ್ನು ಪರೀಕ್ಷಿಸಲು ಲಾರಿ ನಿಲ್ಲುವ ಅಂಗಳದಲ್ಲಿ ವಾಲಿಬಾಲ್ ನೆಟ್ ಕಟ್ಟಿಸಿದರು. ಪ್ರತಿ ಶನಿವಾರ ಮಧ್ಯಾಹ್ನ ಮೂವರ ಎದುರು ಮೂವರು. "ಚೆಂಡು ನೆಲ ಮುಟ್ಟಬಾರ್ದು. ಬೀಳೋದನ್ನ ನೋಡ್ತಾ ನಿಂತವನಿಗೆ ನನ್ನ ತಂಡದಲ್ಲಿ ಜಾಗ ಇಲ್ಲ."

ಚೆಂಡು ಮೇಲಿನಿಂದ ಇಳಿಯುತ್ತಿದ್ದಂತೆ ಮೇಷ್ಟ್ರು ಎರಡು ಹೆಜ್ಜೆ ಹಿಂದೆ ಸರಿದರು. ಎರಡನೆಯ ಬಾರಿಯೂ, ಹತ್ತನೆಯ ಬಾರಿಯೂ ಅಷ್ಟೇ. ಶಿಷ್ಯರ ಕಾಲು ಬೇಗ ಪಾಠ ಮರೆಯಿತು. ಕಲಿಸಿದವರ ಕಾಲು ಮರೆಯಲಿಲ್ಲ.

"ಏನ್ ಮೇಷ್ಟ್ರೇ, ಚೆಂಡಿಗೂ ಅಂಚಿದ್ಯಾ?" ಎಂದ ಉದ್ದಣ್ಣ ನೆಟ್ಟಿನ ಆಚೆಯಿಂದ. ಮುಂದಿನ ಶನಿವಾರ ಅವನ ಬುದ್ಧಿ ಇನ್ನಷ್ಟು ಚುರುಕಾಯಿತು. "ಬೇರೆ ಕಡೆ ಯಾಕ್ರೋ ಹೊಡೀತೀರಾ? ಮೇಷ್ಟ್ರಿಗೆ ಹಾಕಿ, ಪಾಯಿಂಟು ಮನೆ ಬಾಗಿಲಿಗೆ ಬರುತ್ತೆ." ಅಲ್ಲಿಂದಾಚೆ ಸರ್ವೀಸ್ ಎಲ್ಲ ಅವರ ಮೇಲೆಯೇ. ಅವರ ಪಕ್ಕದ ಇಬ್ಬರು ಮೊದಮೊದಲು ಅಡ್ಡ ಬಂದರು, ಆಮೇಲೆ ಅವರೂ ನಗಲಿಕ್ಕೆ ಕಲಿತರು. ಮ್ಯಾನೇಜರ್ ಪುಸ್ತಕದಲ್ಲಿ ಏನೋ ಬರೆದುಕೊಳ್ಳುತ್ತಿದ್ದರು.

ಮೇಷ್ಟ್ರಿಗೆ ಐವತ್ತೊಂದು ವರ್ಷ. ಗಾಜು ಹೊರುವುದು ಬಿಟ್ಟು ಅವರಿಗೆ ಬೇರೇನೂ ಬಾರದು. ಅವರು ಮನೆಗೆ ಬಂದು ಹೆಂಡತಿಯ ಕೈಗೆ ಸುತ್ತಿದ ಕಾಲುಚೀಲದ ಉಂಡೆ ಕೊಟ್ಟರು. ಆಕೆ ದರ್ಜಿ; ಅಡಿಕೋಲು ಆಕೆಯ ಬಳಿಯೂ ಇತ್ತು.

"ಕಾಲು ಹಿಂದೆ ಹೋದ್ರೆ ಹೊಡಿ," ಎಂದರು.

"ಇಷ್ಟು ವರ್ಷಕ್ಕೆ ಒಳ್ಳೇ ಕೆಲಸ ಕೊಟ್ರಿ ನೋಡಿ," ಎಂದು ಆಕೆ ನಗುತ್ತಲೇ ಉಂಡೆ ಎಸೆದಳು, ನಗುತ್ತಲೇ ಹೊಡೆದಳು. ನಾಲ್ಕನೆಯ ವಾರದ ಹೊತ್ತಿಗೆ ಮೀನಖಂಡ ಹಸಿರುಗಟ್ಟಿತ್ತು; ಅಡಿಕೋಲು ಬೇಕಾಗುತ್ತಿರಲಿಲ್ಲ. ಒಮ್ಮೆ ಒಲೆಯ ಕಟ್ಟೆಯಿಂದ ಬಟ್ಟಲು ಜಾರಿದಾಗ ಮೇಷ್ಟ್ರು ಮಂಡಿಯೂರಿ ಅದನ್ನು ಗಾಳಿಯಲ್ಲೇ ಹಿಡಿದರು. ಗಂಡಹೆಂಡಿರಿಬ್ಬರೂ ಮಕ್ಕಳಂತೆ ಸಂಭ್ರಮಪಟ್ಟರು.

ಆ ಶನಿವಾರ ಅವರು ಕಾಂಕ್ರೀಟಿನ ಮೇಲೆ ಉರುಳಿ ಏಳು ಚೆಂಡು ಎತ್ತಿದರು. ಮ್ಯಾನೇಜರ್ ಬೆನ್ನು ತಟ್ಟಿ, "ಇದಪ್ಪಾ ತಂಡ ಅಂದ್ರೆ," ಎಂದರು. ಸೋಮವಾರ ಬೆಳಿಗ್ಗೆ ಅಂಟಿಸಿದ ಪಟ್ಟಿಯಲ್ಲಿ ನಾಲ್ಕನೆಯ ಹೆಸರು ಮೇಷ್ಟ್ರದು.

ಬುಧವಾರ, ಯಂತ್ರ ಇನ್ನೂ ಬಾರದ್ದರಿಂದ, ಆ ನಾಲ್ವರೇ ಅಂಗಡಿಯೊಂದರ ಮುಂಗಟ್ಟಿನ ಗಾಜನ್ನು ಲಾರಿಯಿಂದ ಇಳಿಸುತ್ತಿದ್ದಾಗ ಗಾಜಿಗೆ ಬಿಗಿದಿದ್ದ ಬೆಲ್ಟು ಉದ್ದಣ್ಣನ ಕಡೆ ಜಾರಿತು. ಗಾಜಿನ ಹಾಳೆ ವಾಲಿತು. ಮೂವರು, ಕಲಿತದ್ದನ್ನು ಕಾಲು ಮರೆತೇ ಇರಲಿಲ್ಲವೆಂಬಂತೆ, ಒಟ್ಟಿಗೆ ಎರಡು ಹೆಜ್ಜೆ ಹಿಂದೆ ಸರಿದರು. ಮೇಷ್ಟ್ರು ಮಂಡಿಯೂರಿ ಎರಡೂ ಕೈ ಮುಂದೆ ಚಾಚಿದರು. ಗಾಜು ಹೇಗೂ ಒಡೆಯಿತು. ಬಲ ಮಣಿಕಟ್ಟಿನ ನರ ಕಡಿದು, ಹೆಬ್ಬೆರಳೊಂದನ್ನು ಬಿಟ್ಟು ಉಳಿದ ಬೆರಳುಗಳು ಮತ್ತೆ ಮಡಚಿಕೊಳ್ಳಲಿಲ್ಲ.

ಆರು ವಾರದ ನಂತರದ ಶನಿವಾರ ವಿಚಾರಣೆ. ತಪ್ಪು ಕೆಲಸದ್ದೆಂದಾದರೆ ಮೇಷ್ಟ್ರಿಗೆ ಗೇಟಿನ ಬಳಿ ಕುರ್ಚಿಯ ಕಾವಲು ನೌಕರಿ. ಅವರದೇ ಆದರೆ ಮನೆ.

"ಬೀಳೋ ಗಾಜು ಹಿಡೀಬಾರ್ದು ಅನ್ನೋ ನಿಯಮ ಅವರಿಗೆ ಗೊತ್ತಿತ್ತಾ?" ಎಂದು ಮ್ಯಾನೇಜರ್ ಮೂವರನ್ನೂ ಕೇಳಿದರು.

"ಗೊತ್ತಿಲ್ದೆ ಏನ್ ಸಾರ್, ನಮಗೆ ಕಲಿಸಿದ್ದೇ ಅವ್ರು," ಎಂದ ಉದ್ದಣ್ಣ. ಇನ್ನಿಬ್ಬರೂ ಅದನ್ನೇ ಹೇಳಿದರು. ಬೆಲ್ಟು ಜಾರಿದ ಮಾತನ್ನು ಯಾರೂ ಎತ್ತಲಿಲ್ಲ. ಅಷ್ಟು ಚೆನ್ನಾಗಿ ಅವರು ಯಾವ ಆಟದಲ್ಲೂ ಹೊಂದಿಕೊಂಡಿರಲಿಲ್ಲ.

"ಬೀಳೋದನ್ನ ನೋಡ್ತಾ ನಿಲ್ಲಬಾರ್ದು ಅಂತ ನೀವೇ ಹೇಳಿದ್ರಲ್ಲ ಸಾರ್," ಎಂದರು ಮೇಷ್ಟ್ರು.

"ಅದು ಆಟ ಮೇಷ್ಟ್ರೇ," ಎಂದರು ಮ್ಯಾನೇಜರ್, ಬೇಸರವೇನೂ ಇಲ್ಲದೆ.

ತಪ್ಪು ತಮ್ಮದೇ ಎಂದು ಬರೆದ ಕಾಗದಕ್ಕೆ, ಪೆನ್ನು ಹಿಡಿಯಲಾಗದ್ದರಿಂದ, ಮೇಷ್ಟ್ರು ಹೆಬ್ಬೆಟ್ಟು ಒತ್ತಬೇಕಾಯಿತು. ಉದ್ದಣ್ಣ ಅವರ ಬಲಗೈಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಹೆಬ್ಬೆರಳನ್ನು ಶಾಯಿಗೆ ಅದ್ದಿ, ಕಾಗದದ ಮೇಲೆ ಹದವಾಗಿ ಒತ್ತಿದ. "ಬಿಗಿ ಹಿಡೀಬೇಡಿ, ಸಡಿಲ ಬಿಡಿ ಮೇಷ್ಟ್ರೇ." ಆಮೇಲೆ ಚಿಂದಿಬಟ್ಟೆಯಿಂದ ಬೆರಳು ಒರೆಸಿದ. ಹೊರಗೆ ಅಂಗಳದಲ್ಲಿ ಯಾರೋ ಚೆಂಡು ಪುಟಿಸುತ್ತಿದ್ದರು. ಪಟ್ಟಿಯಿಂದ ಬಿಟ್ಟುಹೋಗಿದ್ದ ಐದನೆಯವನನ್ನು ಆಗಲೇ ಕರೆಸಿಕೊಂಡಿದ್ದರು.

"ಬಂದೆ ತಡೀರೋ," ಎಂದು ಉದ್ದಣ್ಣ ಬಾಗಿಲಲ್ಲಿ ತಲೆ ತಗ್ಗಿಸಿ ಓಡಿದ. "ಮೊದಲ ಸರ್ವೀಸ್ ನಂದು."