ಅಮ್ಮಿ ಬಿದ್ದು ತೋರಿಸಿದ್ದು

ವಯಸ್ಸಾದವರು ಬಿದ್ದರೆ ಮನೆಯವರ ಫೋನಿಗೆ ಸುದ್ದಿ ಮುಟ್ಟಿಸುವ ಸೊಂಟದ ಬೆಲ್ಟೊಂದನ್ನು ಹೆಬ್ಬಾಳದ ನಮ್ಮ ಆಫೀಸಿನಲ್ಲಿ ತಯಾರಿಸುತ್ತಿದ್ದೆವು. ಸಂಶೋಧನೆ ಮುಗಿದಿತ್ತು. ಮತ್ತಿಕೆರೆಯ ಕಾಲೇಜು ಹುಡುಗರು ಹಾಸಿಗೆಯ ಮೇಲೆ ಧಡಾರನೆ ಬಿದ್ದೂ ಬಿದ್ದೂ ಬೀಳುವುದನ್ನು ಗುರುತಿಸಲು ಅದಕ್ಕೆ ಕಲಿಸಿದ್ದರು. ಲ್ಯಾಬಿನಲ್ಲಿ ಒಂದು ಸಲವೂ ತಪ್ಪಲಿಲ್ಲ. ಇನ್ನೇನು, ಅಂಗಡಿಗೆ ಕಳಿಸುವುದೊಂದೇ ಬಾಕಿ ಎಂದು ನಾನು ಕುಣಿಯುತ್ತಿದ್ದೆ.

ನಮ್ಮ ಮೇಡಂ ಮಾತ್ರ ಜಗ್ಗಲಿಲ್ಲ. "ಲ್ಯಾಬಲ್ಲಿ ಬೀಳೋರು ಬೀಳ್ತೀನಿ ಅಂತ ಹೇಳಿ ಬೀಳ್ತಾರೆ ಕಣ್ರೀ. ಮೊದ್ಲು ನಿಮ್ಮನಿಮ್ಮ ಮನೇಲಿ ಯಾರಿಗಾದ್ರೂ ಕಟ್ಟಿ, ನೋಡೋಣ" ಎಂದರು.

ಆರ್.ಟಿ. ನಗರದ ನಮ್ಮ ಮನೆಯಲ್ಲಿ ಬೆಲ್ಟು ಅಮ್ಮಿಯ ಸೊಂಟಕ್ಕೆ ಬಂತು. ಮರುದಿನ ಬೆಳಗಿನ ನಮಾಜಿನಲ್ಲಿ ಅವಳು ಹಣೆಯನ್ನು ನೆಲಕ್ಕಿಟ್ಟಿದ್ದೇ ತಡ, ನನ್ನ ಫೋನು ಕಿರುಚಿಕೊಂಡಿತು. ಎದ್ದೆನೋ ಬಿದ್ದೆನೋ ಎಂದು ಓಡಿದೆ. ನಮಾಜು ಮುಗಿಸಿದ ಅಮ್ಮಿ, "ನಕ್ಕೋ ಬೇಟಿ, ಬೇಡ ಇದು! ಸಜ್ದಾ ಮಾಡೋದಕ್ಕೂ ಬೀಳೋದಕ್ಕೂ ವ್ಯತ್ಯಾಸ ಗೊತ್ತಿಲ್ವಾ ಇದಕ್ಕೆ?" ಎಂದು ನಕ್ಕಳು.

ನನಗೆ ನಾಚಿಕೆಗಿಂತ ಕುತೂಹಲವೇ ಹೆಚ್ಚಾಯಿತು. ಹೌದಲ್ಲ, ಬೀಳುವುದು ಎಂದರೆ ಏನು? ನಿಧಾನವಾಗಿ ಕೆಳಗಿಳಿದರೆ ಅದು ಬೀಳುವುದಲ್ಲ ಎಂದು ಬೆಲ್ಟಿಗೆ ಹೇಳಿಕೊಟ್ಟೆ. ನಮಾಜಿನ ಹೊತ್ತಿಗೆ ಫೋನು ತೆಪ್ಪಗಾಯಿತು. ಭಲೇ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಕೆಲವು ದಿನಗಳ ಮೇಲೆ, ಆಫೀಸಿಗೆ ಹೊರಡುವ ಹೊತ್ತಿಗೆ ಅಮ್ಮಿಯನ್ನು ಕೂಗಿದರೆ ಉತ್ತರವಿಲ್ಲ. ಬಚ್ಚಲಿನಲ್ಲಿ ಗೋಡೆಗೊರಗಿ ನೆಲದ ಮೇಲೆ ಕೂತಿದ್ದಳು. ಪಕ್ಕದಲ್ಲಿ ಬಟ್ಟೆ ನೆನೆಹಾಕಿದ್ದ ಬಕೆಟ್ಟು. ಸೊಂಟದಲ್ಲಿ ಬೆಲ್ಟಿತ್ತು, ನನ್ನ ಕೈಯಲ್ಲೇ ಫೋನಿತ್ತು, ಎರಡೂ ಗಪ್‌ಚುಪ್. "ಬಿದ್ದಿಲ್ಲ, ಜಾರಿ ಕೂತೆ ಅಷ್ಟೇ" ಎಂದಳು. ತೋಳು ಹಿಡಿದು ಎಬ್ಬಿಸಿದೆ.

ವಿಷಯ ತಿಳಿದ ಮೇಡಂ ಬೆಲ್ಟಿನ ಬಿಡುಗಡೆಯನ್ನೇ ನಿಲ್ಲಿಸಿದರು. "ಒಂದ್ ಮನೇಲಿ ಗೊತ್ತಾಯ್ತು, ಸದ್ಯ. ಸಾವಿರ ಮನೆಗೆ ಹೋಗಿದ್ದಿದ್ರೆ?" ಎಂದವರೇ, ಅಮ್ಮಿ ಜಾರಿದ್ದು ಹೇಗೆಂದು ತಿಳಿಯಲು ಲ್ಯಾಪ್‌ಟಾಪ್ ಹಿಡಿದು ಮನೆಗೇ ಬಂದರು.

ಚಹಾ ಕೊಟ್ಟ ಅಮ್ಮಿಗೆ ಭಾರಿ ಹುಮ್ಮಸ್ಸು. "ನೋಡಿ ಮೇಡಂ, ಹಿಂಗೆ" ಎಂದು ಬಚ್ಚಲಿಗಿಳಿದು ನಲ್ಲಿಯ ಪೈಪು ಹಿಡಿದಳು, ಬೆನ್ನನ್ನು ಗೋಡೆಗೆ ಕೊಟ್ಟಳು, ಒಂದು ಕಾಲು ಮುಂದೆ ಚಾಚಿ ಮೆಲ್ಲಗೆ ಜಾರಿದಳು. ಆಮೇಲೆ ಮಗ್ಗುಲಾಗಿ, ಬೋರಲಾಗಿದ್ದ ಬಕೆಟ್ಟನ್ನು ಹತ್ತಿರ ಎಳೆದು, ಅದರ ಮೇಲೆ ಕೈಯೂರಿ, ಮಂಡಿಯ ಮೇಲೆ ಬಂದು ಎದ್ದು ನಿಂತಳು. ಎಲ್ಲೂ ತಡವರಿಸಲಿಲ್ಲ. ಮೇಡಂ ಲ್ಯಾಪ್‌ಟಾಪಿನಲ್ಲಿ ಮುಳುಗಿದ್ದರು. ನಾನು ಅಮ್ಮಿಯನ್ನೇ ನೋಡುತ್ತಿದ್ದೆ. ಆ ಬಕೆಟ್ಟು ಯಾವಾಗಲೂ ಬಚ್ಚಲಲ್ಲಿ ಬೋರಲಾಗಿಯೇ ಇರುತ್ತಿತ್ತು. ನೀರು ಬಸಿಯಲೆಂದು ಇಟ್ಟಿದ್ದಾಳೆ ಅಂದುಕೊಂಡಿದ್ದೆ.

"ಅಮ್ಮಿ, ಎಷ್ಟು ಸಲ ಬಿದ್ದಿದ್ದೀಯ?" ಕೇಳುವಾಗಲೇ ಅಳು ಬಂತು.

ಅವಳು ಬೆಲ್ಟು ಸರಿಮಾಡಿಕೊಳ್ಳುತ್ತ ಹೇಳಿದಳು: "ಅವತ್ತು ಬಕೆಟಲ್ಲಿ ಬಟ್ಟೆ ಇತ್ತು ಕಣೇ. ಇಲ್ದಿದ್ರೆ ಅದೂ ನಿಂಗೆ ಗೊತ್ತಾಗ್ತಿರ್ಲಿಲ್ಲ."